ಕನ್ನಡ ಹೆಸರಿನ ಫೈಲು ತೆರೆಯದಿದ್ದರೆ ತಪ್ಪು ಹೆಸರಿನದಲ್ಲ

ಮಾನ್ಯ ಸಂಪಾದಕರೇ,

ಸಹಕಾರ ಸಂಘವಿರಲಿ, ಅಡಿಕೆ ಮಂಡಿಯಿರಲಿ, ಶಾಲೆಯ ಕಂಪ್ಯೂಟರ್ ಕೋಣೆಯಿರಲಿ, ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟವರು ಹೊರಡುವ ಮುಂಚೆ ಒಂದು ಮಾತು ಹೇಳಿಯೇ ಹೋಗುತ್ತಾರೆ: ‘ಫೈಲಿಗೆ, ಫೋಲ್ಡರಿಗೆ ಕನ್ನಡದಲ್ಲಿ ಹೆಸರು ಇಡಬೇಡಿ ಸಾರ್, ಆಮೇಲೆ ತೆಗೆಯೋಕೆ ಬರಲ್ಲ.’ ಮಲೆನಾಡಿನ ಎಷ್ಟೋ ಕಚೇರಿಗಳಲ್ಲಿ ಇದು ಬರೆಯದ ನಿಯಮವಾಗಿಬಿಟ್ಟಿದೆ. ಈ ಸಲಹೆ ಸರಿಯಲ್ಲ ಎಂದು ಹೇಳುವುದಕ್ಕೇ ಈ ಪತ್ರ. ಕನ್ನಡ ಹೆಸರಿನ ಫೈಲುಗಳು ಕೈಕೊಡುವುದು ಸುಳ್ಳೇನಲ್ಲ. ಆದರೆ ಕೈಕೊಡುವ ಜಾಗಗಳು ಬೆರಳೆಣಿಕೆಯಷ್ಟು, ಪ್ರತಿಯೊಂದರ ಕಾರಣವೂ ಗೊತ್ತಿರುವಂಥದ್ದು, ಹೆಚ್ಚಿನವಕ್ಕೆ ಪರಿಹಾರ ಹತ್ತಿಪ್ಪತ್ತು ಸಾಲಿನ ಕೋಡ್. ಅದನ್ನು ಬರೆಯುವ ಬದಲು ಬಳಕೆದಾರರಿಗೆ ಇಂಗ್ಲಿಷ್ ಹೇರುವುದು ಸೋಮಾರಿತನ. ಬರೆಯುವವರಷ್ಟೇ ಅಲ್ಲ, ದುಡ್ಡು ಕೊಟ್ಟು ಬರೆಸಿಕೊಳ್ಳುವ ಸಂಘದ ಕಾರ್ಯದರ್ಶಿಗಳೂ ಇದನ್ನು ತಿಳಿದಿದ್ದರೆ ಒಳ್ಳೆಯದು.

ಒಂದು ರಸೀದಿ ಎಲ್ಲೆಲ್ಲಿ ಓಡಾಡುತ್ತದೆ ನೋಡಿ. ಕೌಂಟರಿನ ಕಂಪ್ಯೂಟರ್ ವಿಂಡೋಸ್. ಫೈಲು ಹೋಗಿ ಕೂರುವ ಸರ್ವರ್ ಸಾಮಾನ್ಯವಾಗಿ ಲಿನಕ್ಸ್. ವಾರ್ಷಿಕ ವರದಿ ಅಚ್ಚು ಮಾಡುವ ಡಿಟಿಪಿಯವರ ಹತ್ತಿರ ಮ್ಯಾಕ್ ಇರಬಹುದು. ನಡುವೆ ಪೆನ್‌ಡ್ರೈವ್. ವಿಂಡೋಸ್‌ನಲ್ಲಿ ಡಿ:\ರಸೀದಿ\ಸಾಗರ ಎಂದಿರುವ ಪಾತ್, ಅಂದರೆ ಫೈಲಿನ ಪೂರ್ತಿ ವಿಳಾಸ, ಲಿನಕ್ಸ್‌ನಲ್ಲಿ /ಡೇಟಾ/ರಸೀದಿ/ಸಾಗರ ಎಂದಾಗುತ್ತದೆ. ಲಿನಕ್ಸಿನ ಪೂರ್ವಜ ಯುನಿಕ್ಸ್ ಮೊದಲಿನಿಂದಲೂ ಸ್ಲ್ಯಾಷ್ (/) ಬಳಸಿಕೊಂಡು ಬಂದಿದೆ. ವಿಂಡೋಸಿಗೂ ಹಿಂದಿನ, 1981ರ ಎಂಎಸ್-ಡಾಸ್ ಮೊದಲ ಆವೃತ್ತಿಯಲ್ಲಿ ಫೋಲ್ಡರ್ ಎಂಬುದೇ ಇರಲಿಲ್ಲ, ಸ್ಲ್ಯಾಷನ್ನು ಕಮಾಂಡುಗಳ ಆಯ್ಕೆಗೆ ಬಳಸಿಯಾಗಿತ್ತು. 1983ರ 2.0 ಆವೃತ್ತಿಯಲ್ಲಿ ಫೋಲ್ಡರ್ ಬಂದಾಗ ಬ್ಯಾಕ್‌ಸ್ಲ್ಯಾಷ್ (\) ಹಿಡಿಯಬೇಕಾಯಿತು. ಅಂದಿನ ಆ ಹೊಂದಾಣಿಕೆಯ ಬಾಲ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಇಲ್ಲಿ ಎಲ್ಲರೂ ಮಾಡುವ ಕೆಲಸವೆಂದರೆ ಫೋಲ್ಡರ್ ಹೆಸರು, ಒಂದು ಬ್ಯಾಕ್‌ಸ್ಲ್ಯಾಷ್, ಫೈಲಿನ ಹೆಸರು ಎಂದು ಅಕ್ಷರಗಳನ್ನು ಪ್ಲಸ್ ಹಾಕಿ ಹೊಸೆಯುವುದು. ಲಿನಕ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಷ್ ಹೆಸರಿನೊಳಗೆ ಬರಬಹುದಾದ ಸಾಮಾನ್ಯ ಅಕ್ಷರ. ಹಾಗಾಗಿ ದೋಷದ ಸಂದೇಶವೇ ಬರುವುದಿಲ್ಲ, ‘ರಸೀದಿ\ಸಾಗರ\101’ ಎಂಬ ಉದ್ದ ಹೆಸರಿನ ಒಂದೇ ಫೈಲು ತಯಾರಾಗಿ ಕೂತಿರುತ್ತದೆ. ಇನ್ನೊಂದು ತಮಾಷೆ: ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬ್ಯಾಕ್‌ಸ್ಲ್ಯಾಷಿನ ಮುಂದೆ ಇಂಗ್ಲಿಷಿನ ಎನ್ ಬಂದರೆ ಹೊಸ ಸಾಲು, ಟಿ ಬಂದರೆ ಟ್ಯಾಬ್. ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ನಗರ ಎಂದೋ ತೀರ್ಥಹಳ್ಳಿ ಎಂದೋ ಫೋಲ್ಡರ್ ಹೆಸರಿಟ್ಟು ಪಾತನ್ನು ಕೋಡಿನೊಳಗೆ ನೇರ ಬರೆದರೆ ಮೊದಲ ಅಕ್ಷರವೇ ಮಾಯ. ಇಂಗ್ಲಿಷ್ ಹೆಸರು ಸುರಕ್ಷಿತ ಎನ್ನುವವರು ಇದಕ್ಕೇನು ಹೇಳುತ್ತಾರೋ.

ಹೊಸೆಯುವ ಕೆಲಸವನ್ನು ಭಾಷೆಯಲ್ಲೇ ಇರುವ ಸಾಧನಕ್ಕೆ ಬಿಡಬೇಕು. ಪೈಥಾನಿನಲ್ಲಿ 2014ರ 3.4 ಆವೃತ್ತಿಯಿಂದ ಪಾತ್‌ಲಿಬ್ ಇದೆ, ಜಾವಾದಲ್ಲಿ 2011ರ 7ನೇ ಆವೃತ್ತಿಯಿಂದ ನಿಯೋ ಫೈಲ್ ಪಾತ್ ಇದೆ, ಸಿ ಪ್ಲಸ್ ಪ್ಲಸ್‌ನಲ್ಲಿ 17ರಿಂದ ಫೈಲ್‌ಸಿಸ್ಟಮ್, ಡಾಟ್‌ನೆಟ್‌ನಲ್ಲಿ ಪಾತ್.ಕಂಬೈನ್, ನೋಡ್‌ನಲ್ಲಿ ಪಾತ್.ಜಾಯಿನ್. ಬಳಸುವಾಗ ಒಂದು ಎಚ್ಚರ ಬೇಕು. ಪೈಥಾನ್, ಡಾಟ್‌ನೆಟ್ ಎರಡರಲ್ಲೂ ಸೇರಿಸುವ ಎರಡನೇ ತುಂಡು ಸ್ಲ್ಯಾಷಿನಿಂದ ಶುರುವಾದರೆ ಮೊದಲನೇ ತುಂಡನ್ನು ಪೂರ್ತಿ ಬಿಸಾಡಿಬಿಡುತ್ತವೆ. ಬಳಕೆದಾರ ಟೈಪ್ ಮಾಡಿದ್ದನ್ನು ಹಾಗೇ ಕೊಟ್ಟರೆ ಫೈಲು ನೀವಂದುಕೊಂಡ ಫೋಲ್ಡರಿನ ಹೊರಗೆ ಹೋಗಿ ಬೀಳುತ್ತದೆ. ಇನ್ನೊಂದು: ವಿಂಡೋಸ್ ಕೌಂಟರಿನಿಂದ ಬಂದ ಪೂರ್ತಿ ಪಾತಿನಿಂದ ಫೈಲಿನ ಹೆಸರಷ್ಟನ್ನೇ ಬಿಡಿಸಿಕೊಳ್ಳಲು ಲಿನಕ್ಸ್ ಸರ್ವರಿನಲ್ಲಿ ಬೇಸ್‌ನೇಮ್ ಕರೆದರೆ ಅದು ಇಡೀ ಪಾತನ್ನೇ ಹೆಸರು ಎಂದು ವಾಪಸ್ ಕೊಡುತ್ತದೆ, ಏಕೆಂದರೆ ಅದಕ್ಕೆ ಬ್ಯಾಕ್‌ಸ್ಲ್ಯಾಷ್ ಗೊತ್ತಿಲ್ಲ. ಪಾತ್‌ಲಿಬ್‌ನ ಪ್ಯೂರ್‌ವಿಂಡೋಸ್‌ಪಾತ್ ಯಾವ ಯಂತ್ರದಲ್ಲಿ ಓಡಿದರೂ ವಿಂಡೋಸಿನ ಲೆಕ್ಕದಲ್ಲೇ ಬಿಡಿಸುತ್ತದೆ. ಲಿನಕ್ಸ್ ಯಂತ್ರವೊಂದೇ ಇರುವವರು ವಿಂಡೋಸ್ ಪಾತುಗಳನ್ನು ಪರೀಕ್ಷಿಸುವುದಕ್ಕೂ ಅದು ಸಾಕು.

ಇನ್ನು ಪಹಣಿಯ ವಿಷಯ. ನಮ್ಮಲ್ಲಿ ಸರ್ವೆ ನಂಬರ್ ಬರೆಯುವುದೇ 45/2 ಎಂದು. ಭೂಮಿ ತಂತ್ರಾಂಶದ ಕ್ರಮದಲ್ಲಿ ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ಸರ್‌ನಾಕ್ ಎಂಬ ಇನ್ನೊಂದು ಗುರುತು ಬಂದು 45/*/2 ಆಗುತ್ತದೆ. ಬೆಳೆಸಾಲದ ದಾಖಲೆಯನ್ನು ಸರ್ವೆ ನಂಬರಿನ ಹೆಸರಲ್ಲೇ ಉಳಿಸುವ ಸಾಫ್ಟ್‌ವೇರ್‌ಗೆ ಇದು ದೊಡ್ಡ ಗುಂಡಿ. ವಿಂಡೋಸ್ ಹೆಸರಿನೊಳಗೆ ಒಂಬತ್ತು ಚಿಹ್ನೆಗಳನ್ನು ಒಪ್ಪುವುದಿಲ್ಲ: < > : " / \ | ? * ಇಷ್ಟು. ಲಿನಕ್ಸ್ ಇವುಗಳಲ್ಲಿ ಸ್ಲ್ಯಾಷ್ ಒಂದನ್ನು ಮಾತ್ರ ತಡೆಯುತ್ತದೆ. ಹಾಗಾಗಿ 45/*/2 ವಿಂಡೋಸ್‌ನಲ್ಲಿ ನೇರ ದೋಷ ಕೊಡುತ್ತದೆ, ಅದೇ ವಾಸಿ. ಲಿನಕ್ಸ್‌ನಲ್ಲಿ ‘ಫೋಲ್ಡರ್ ಇಲ್ಲದಿದ್ದರೆ ನೀನೇ ಮಾಡಿಕೋ’ ಎಂಬ ಕೋಡ್ ಇದ್ದರೆ 45 ಎಂಬ ಫೋಲ್ಡರ್, ಅದರೊಳಗೆ ನಕ್ಷತ್ರದ ಹೆಸರಿನದೇ ಒಂದು ಫೋಲ್ಡರ್ ಹುಟ್ಟುತ್ತವೆ. ಮುಂದೊಂದು ದಿನ ಯಾರೋ ‘ಇದೇನಿದು ಕಸ’ ಎಂದು ಟರ್ಮಿನಲ್‌ನಲ್ಲಿ ಅದನ್ನು ಅಳಿಸಲು ಹೋದರೆ ನಕ್ಷತ್ರ ಎಂದರೆ ಎಲ್ಲವೂ ಎಂದು ಶೆಲ್, ಅಂದರೆ ಅಲ್ಲಿ ಕಮಾಂಡು ಓದುವ ಪ್ರೋಗ್ರಾಮ್, ಅರ್ಥ ಮಾಡಿಕೊಳ್ಳುತ್ತದೆ, ಪಕ್ಕದ ಹಿಸ್ಸಾಗಳ ದಾಖಲೆಯೂ ಹೋಗುತ್ತದೆ. ಉದ್ಧರಣ ಚಿಹ್ನೆಯೊಳಗೆ ಹಾಕದೆ ಆ ಹೆಸರನ್ನು ಮುಟ್ಟಬಾರದು.

ಸಮಯ ಬರೆಯುವ ಕೋಲನ್ ಇದಕ್ಕಿಂತ ಕಪಟಿ. ‘ನಡಾವಳಿ 10:30’ ಎಂಬ ಹೆಸರಿನಲ್ಲಿ ಪ್ರೋಗ್ರಾಮ್ ಫೈಲು ಬರೆದರೆ ವಿಂಡೋಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆ ದೂರುವುದಿಲ್ಲ. ‘ನಡಾವಳಿ 10’ ಎಂಬ ಫೈಲು ಮಾಡಿ, ಬರೆದದ್ದನ್ನೆಲ್ಲ ಅದರ ಬೆನ್ನಿಗೆ ‘30’ ಎಂಬ ಗುಪ್ತ ಸ್ಟ್ರೀಮ್ ಆಗಿ ಇಟ್ಟುಕೊಳ್ಳುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಗಾತ್ರ ಸೊನ್ನೆ. ಫ್ಯಾಟ್32 ಎಂಬ ಹಳೆಯ ವ್ಯವಸ್ಥೆಯ ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಆ ಸ್ಟ್ರೀಮ್ ಜೊತೆಗೆ ಬರುವುದೂ ಇಲ್ಲ.

ಪರಿಹಾರವಾಗಿ ಸ್ಲ್ಯಾಷ್ ಇರುವಲ್ಲಿ ಅಡ್ಡಗೆರೆ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ಆಗ 45/2 ಕೂಡ 45-2, ಯಾರೋ ಕೈಯಲ್ಲಿ 45-2 ಎಂದೇ ಟೈಪ್ ಮಾಡಿದ್ದೂ 45-2. ಎರಡನೆಯದು ಮೊದಲನೆಯದರ ಮೇಲೆ ಕೂರುತ್ತದೆ. ಒಳ್ಳೆಯ ದಾರಿ ಎಂದರೆ ಡಿಸ್ಕಿನಲ್ಲಿ ಫೈಲಿನ ಹೆಸರು ದಾಖಲೆಯ ಕ್ರಮಸಂಖ್ಯೆಯಾಗಿರಲಿ, ಸರ್ವೆ ನಂಬರ್, ರೈತನ ಹೆಸರು ಎಲ್ಲ ಡೇಟಾಬೇಸಿನಲ್ಲಿ ಕನ್ನಡದಲ್ಲೇ ಇರಲಿ, ಡೌನ್‌ಲೋಡ್ ಮಾಡುವಾಗ ಮಾತ್ರ ಕನ್ನಡ ಹೆಸರು ಕೊಡಲಿ. ಆದರೆ ಸಂಘಗಳಲ್ಲಿ ಗುಮಾಸ್ತರು ಫೋಲ್ಡರ್ ತೆರೆದು ಕಣ್ಣಲ್ಲಿ ಹುಡುಕುವ ರೂಢಿಯೂ ಇದೆ, ಅದನ್ನು ತಪ್ಪೆನ್ನಲಾಗದು. ಅಂಥಲ್ಲಿ ಕನ್ನಡ ಹೆಸರಿನ ಕೊನೆಗೆ ಕ್ರಮಸಂಖ್ಯೆ ಅಂಟಿಸಿದರೆ ಡಿಕ್ಕಿ ತಪ್ಪುತ್ತದೆ. ಚಿಹ್ನೆ ಬದಲಿಸುವ ಕೆಲಸ ಇಡೀ ಪ್ರೋಗ್ರಾಮಿನಲ್ಲಿ ಒಂದೇ ಫಂಕ್ಷನ್ನಿನಲ್ಲಿ ನಡೆಯಬೇಕು. ಅದು ಲಿನಕ್ಸ್‌ನಲ್ಲಿ ಓಡುತ್ತಿದ್ದರೂ ವಿಂಡೋಸಿನ ಪಟ್ಟಿಯನ್ನೇ ಪಾಲಿಸಬೇಕು. ಡಾಟ್‌ನೆಟ್‌ನಲ್ಲಿ ‘ನಿಷಿದ್ಧ ಚಿಹ್ನೆಗಳನ್ನು ಕೊಡು’ ಎಂದು ಕೇಳಿದರೆ ಲಿನಕ್ಸ್ ಸರ್ವರ್ ಮೇಲೆ ಎರಡೇ ಎರಡು ಕೊಡುತ್ತದೆ. ಅದನ್ನು ನಂಬಿದರೆ ಕೌಂಟರಿನಲ್ಲಿ ಫೈಲು ಇಳಿಯುವುದಿಲ್ಲ.

ಸಹಕಾರ ಸಂಘಗಳ ಹೆಸರಿಗೇ ಅಂಟಿಕೊಂಡ ಇನ್ನೊಂದು ಕಾಟ ಚುಕ್ಕಿ. ನಿಯಮಿತ ಎನ್ನುವುದನ್ನು ‘ನಿ.’ ಎಂದು ಬರೆಯುವುದು ವಾಡಿಕೆ. ವಿಂಡೋಸ್ ಹೆಸರಿನ ಕೊನೆಯ ಚುಕ್ಕಿಯನ್ನೂ ಕೊನೆಯ ಖಾಲಿ ಜಾಗವನ್ನೂ ಸದ್ದಿಲ್ಲದೆ ಕಿತ್ತುಹಾಕುತ್ತದೆ, ಲಿನಕ್ಸ್ ಕೀಳುವುದಿಲ್ಲ. ಸರ್ವರಿನಲ್ಲಿ ‘ಸಂಘ ನಿ.’ ಇದ್ದು ಕೌಂಟರಿನಲ್ಲಿ ‘ಸಂಘ ನಿ’ ಆದರೆ ಎರಡೂ ಬೇರೆ ಫೋಲ್ಡರ್. ಲಿನಕ್ಸ್ ಫೋಲ್ಡರನ್ನು ವಿಂಡೋಸಿಗೆ ತೋರಿಸುವ ಸಾಂಬಾ ಶೇರ್ ಮೂಲಕ ನೋಡಿದರೆ ಆ ಫೋಲ್ಡರ್ ಅಸಲಿ ಹೆಸರಿನ ಬದಲು ಅಲೆಗೆರೆ ಹಾಕಿದ ಅರ್ಥವಿಲ್ಲದ ಗಿಡ್ಡ ಹೆಸರಿನಲ್ಲಿ ಕಾಣುತ್ತದೆ, ಗುಮಾಸ್ತರು ವೈರಸ್ ಎಂದುಕೊಳ್ಳುತ್ತಾರೆ. ನಡುವಿನ ಚುಕ್ಕಿಯೂ ಸುಮ್ಮನಿರುವುದಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವನ್ನು ‘ಪ್ರಾ.ಕೃ.ಪ.ಸ.ಸಂ’ ಎಂದು ಬರೆದರೆ ಕೊನೆಯ ಚುಕ್ಕಿಯ ನಂತರದ ‘ಸಂ’ ಎಂಬುದನ್ನು ಕಂಪ್ಯೂಟರ್ ಪಿಡಿಎಫ್, ಜೆಪಿಜಿ ಇದ್ದಂತೆ ಒಂದು ಎಕ್ಸ್‌ಟೆನ್ಷನ್ ಎಂದೇ ತಿಳಿಯುತ್ತದೆ. ಪಾತ್‌ಲಿಬ್‌ನಲ್ಲಿ ವಿತ್‌ಸಫಿಕ್ಸ್ ಬಳಸಿ ಪಿಡಿಎಫ್ ಎಂದರೆ ‘ಸಂ’ ಹೋಗಿ ಆ ಜಾಗಕ್ಕೆ ಪಿಡಿಎಫ್ ಬರುತ್ತದೆ. ಹೆಸರಿನ ಬಾಲಕ್ಕೆ ಪಿಡಿಎಫ್ ಎಂದು ಜೋಡಿಸಬೇಕೇ ಹೊರತು ಇರುವುದನ್ನು ಬದಲಿಸಬಾರದು.

ಈಗ ನಿಜವಾಗಿ ಕನ್ನಡಕ್ಕೇ ಸಂಬಂಧಿಸಿದ ವಿಚಾರಕ್ಕೆ ಬರೋಣ. ‘ಕಣ್ಣಿಗೆ ಕಾಣ್ತಿದೆ, ಆದರೆ ಸಿಗ್ತಿಲ್ಲ’ ಎಂಬ ದೂರುಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಯುನಿಕೋಡಿನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳನ್ನು, ಅಂದರೆ ಕೀ, ಕೇ, ಕೈ, ಕೊ, ಕೋ ಇವುಗಳಲ್ಲಿ ಬರುವ ಚಿಹ್ನೆಗಳನ್ನು, ಎರಡು ರೀತಿ ಬರೆಯಬಹುದು. ಇಡಿಯಾಗಿ ಒಂದೇ ಸಂಕೇತ, ಇಲ್ಲವೇ ಬಿಡಿಬಿಡಿಯಾಗಿ ತುಂಡುಗಳ ಜೋಡಣೆ. ಮೊದಲನೆಯದಕ್ಕೆ ಎನ್‌ಎಫ್‌ಸಿ, ಎರಡನೆಯದಕ್ಕೆ ಎನ್‌ಎಫ್‌ಡಿ ಎಂದು ಹೆಸರು. ತೆರೆಯ ಮೇಲೆ ಎರಡೂ ಒಂದೇ. ‘ತೋಟ’ ಎಂಬ ಪದ ಇಡಿ ರೂಪದಲ್ಲಿ ಮೂರು ಸಂಕೇತ: ತ, ಓಕಾರದ ಚಿಹ್ನೆ, ಟ. ಬಿಡಿ ರೂಪದಲ್ಲಿ ಓಕಾರವೊಂದೇ ಮೂರು ತುಂಡಾಗಿ ಒಟ್ಟು ಐದು. ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಆದ್ದರಿಂದ ಒಂದೆಡೆ 9 ಬೈಟ್, ಇನ್ನೊಂದೆಡೆ 15.

ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಕೊಟ್ಟ ಹೆಸರನ್ನು ಬಿಡಿಸಿಯೇ ಬರೆದುಕೊಳ್ಳುತ್ತಿತ್ತು. 2017ರಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟದ್ದನ್ನು ಹಾಗೇ ಇಟ್ಟುಕೊಂಡು, ಹುಡುಕುವಾಗ ಎರಡನ್ನೂ ಒಂದೇ ಎಂದು ಪರಿಗಣಿಸುತ್ತದೆ. ವಿಂಡೋಸ್‌ಗೂ ಸಾಮಾನ್ಯವಾಗಿ ಹಾಕುವ ಲಿನಕ್ಸ್ ಡಿಸ್ಕಿಗೂ ಆ ಜಾಣ್ಮೆಯಿಲ್ಲ. ಅವಕ್ಕೆ ಇವೆರಡೂ ಬೇರೆ ಬೇರೆ ಹೆಸರು. ಮ್ಯಾಕಿನಿಂದ ಜಿಪ್ ಆಗಿ ಬಂದ ‘ರಸೀದಿ’ ಫೋಲ್ಡರ್ ಸರ್ವರಿನ ‘ರಸೀದಿ’ಯ ಪಕ್ಕದಲ್ಲೇ ಇನ್ನೊಂದಾಗಿ ಕೂರಬಹುದು. ಪ್ರೋಗ್ರಾಮ್ ಒಂದರಲ್ಲಿ ಹುಡುಕುತ್ತದೆ, ಫೈಲು ಮತ್ತೊಂದರಲ್ಲಿರುತ್ತದೆ.

ನಮ್ಮ ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ಸಾಗರ, ಭದ್ರಾವತಿ, ಶಿಕಾರಿಪುರ ಈ ಮೂರಕ್ಕೆ ಒಂದೇ ರೂಪ. ಶಿವಮೊಗ್ಗ, ಸೊರಬ, ಹೊಸನಗರ ಮೂರರಲ್ಲೂ ಒಕಾರವಿದೆ, ತೀರ್ಥಹಳ್ಳಿಯಲ್ಲಿ ಈಕಾರವಿದೆ. ಈ ನಾಲ್ಕಕ್ಕೆ ಎರಡೆರಡು ರೂಪ. ಮಂಡಿಯ ಲೆಕ್ಕಕ್ಕೆ ಬಂದರೆ ಅಡಿಕೆಯ ಬಗೆಗಳಲ್ಲಿ ಸರಕು, ಬೆಟ್ಟೆ, ರಾಶಿ ಮೂರೂ ನಿರುಪದ್ರವಿ, ಗೊರಬಲು ಒಂದೇ ತಕರಾರು. ಇದರ ಪರಿಣಾಮ ವಿಚಿತ್ರವಾಗಿರುತ್ತದೆ. ಭದ್ರಾವತಿಯ ವರದಿ ಸರಿಯಾಗಿ ಬರುತ್ತದೆ, ಸೊರಬದ್ದು ಖಾಲಿ. ರಾಶಿಯ ದಾಸ್ತಾನು ಹೊಂದುತ್ತದೆ, ಗೊರಬಲಿನದು ಹೊಂದುವುದಿಲ್ಲ. ಬರೆದವರಿಗೆ ತಲೆಬುಡ ತಿಳಿಯದೆ ‘ಕನ್ನಡದ್ದೇ ಪ್ರಾಬ್ಲಮ್’ ಎಂದು ಕೈಚೆಲ್ಲುತ್ತಾರೆ. ಕೆಲವು ಕನ್ನಡ ಹೆಸರು ಸರಿಯಿದ್ದು ಕೆಲವು ಮಾತ್ರ ಕೆಡುತ್ತಿವೆ, ಕೆಡುವುದರಲ್ಲೆಲ್ಲ ಈ ಐದು ಚಿಹ್ನೆಗಳಲ್ಲಿ ಒಂದಾದರೂ ಇದೆ ಎಂದಾದರೆ ಬೇರೆ ಕಡೆ ಹುಡುಕುವುದೇ ಬೇಡ.

ಮದ್ದು ಒಂದೇ ಸಾಲು. ಹೊರಗಿನಿಂದ ಬರುವ ಪ್ರತಿ ಹೆಸರನ್ನೂ, ಟೈಪ್ ಮಾಡಿದ್ದಾಗಲಿ, ಅಪ್‌ಲೋಡ್ ಆಗಿದ್ದಾಗಲಿ, ಜಿಪ್ ಬಿಚ್ಚಿದ್ದಾಗಲಿ, ಬಾಗಿಲಲ್ಲೇ ಎನ್‌ಎಫ್‌ಸಿಗೆ ತಿರುಗಿಸಿ ಒಳಗೆ ಬಿಡಬೇಕು. ಪೈಥಾನಿನಲ್ಲಿ ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್, ಜಾವಾದಲ್ಲಿ ನಾರ್ಮಲೈಜರ್ ಕ್ಲಾಸ್, ಜಾವಾಸ್ಕ್ರಿಪ್ಟಿನಲ್ಲಿ ಸ್ಟ್ರಿಂಗಿಗೇ ಇರುವ ನಾರ್ಮಲೈಜ್. ಆದರೆ ಡಿಸ್ಕಿನ ಮೇಲೆ ಆಗಲೇ ಇರುವ ಫೈಲನ್ನು ತೆರೆಯುವಾಗ ಡಿಸ್ಕು ಹೇಳಿದ ಹೆಸರನ್ನೇ ಬಳಸಬೇಕು. ಹೋಲಿಸುವುದಕ್ಕೆ ಮಾತ್ರ ತಿರುಗಿಸಿದ ಪ್ರತಿ. ಇದು ತಿರುವುಮುರುವಾದರೆ ಲಿನಕ್ಸ್‌ನಲ್ಲಿ ಎದುರಿಗಿರುವ ಫೈಲೇ ‘ಇಲ್ಲ’ ಎಂದು ಬರುತ್ತದೆ.

ಇದರ ತಮ್ಮನಂಥದ್ದು ಕಣ್ಣಿಗೆ ಕಾಣದ ಜೋಡಣೆ-ತಡೆ ಚಿಹ್ನೆ. ‘ಪೆನ್‌ಡ್ರೈವ್’ ಎಂಬಲ್ಲಿ ನಕಾರಕ್ಕೆ ಡಕಾರ ಒತ್ತಾಗದಂತೆ ಹಿಡಿದಿರುವುದು ಅದೇ. ಅಲ್ಲಿ ಅದು ಬೇಕು. ಆದರೆ ಕೆಲವು ಕೀಲಿಮಣೆಗಳಲ್ಲಿ ‘ನಂಬರ್’ ಎಂಬ ಪದದ ಕೊನೆಗೂ ಅದು ಸೇರಿಕೊಳ್ಳುತ್ತದೆ, ಅಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಎನ್‌ಎಫ್‌ಸಿ ಇದನ್ನು ಮುಟ್ಟುವುದಿಲ್ಲ. ಪದದ ಕೊನೆಯಲ್ಲಿ ಇದ್ದರೆ ಮಾತ್ರ ತೆಗೆಯಿರಿ, ನಡುವೆ ಇದ್ದರೆ ಬಿಡಿ.

ಉದ್ದದ ಮಿತಿಯಲ್ಲೂ ಎರಡು ಅಳತೆಗೋಲುಗಳಿವೆ. ವಿಂಡೋಸಿನ ಹಳೆಯ ಮಿತಿ ಡ್ರೈವ್ ಅಕ್ಷರದಿಂದ ಹಿಡಿದು ಇಡೀ ಪಾತಿಗೆ 260, ಅದರಲ್ಲಿ ಕೊನೆಯ ಶೂನ್ಯ ಸಂಕೇತ ಕಳೆದರೆ 259. ಫೋಲ್ಡರ್ ಮಾಡುವುದಾದರೆ ಡಾಸ್ ಕಾಲದ ಗಿಡ್ಡ ಫೈಲು ಹೆಸರಿಗೆ (8.3 ಹೆಸರು) ಜಾಗ ಬಿಡಬೇಕಾದ್ದರಿಂದ ಇನ್ನೂ 12 ಕಡಿಮೆ. ಎಕ್ಸೆಲ್ ಮತ್ತೂ ಜಿಪುಣ, ಅದು 218 ದಾಟಿದ ಪಾತ್ ತೆರೆಯುವುದಿಲ್ಲ. ಇಲ್ಲಿ ಕನ್ನಡದ ಒಂದು ಸಂಕೇತ ಒಂದೇ ಎಂದು ಲೆಕ್ಕ. ಲಿನಕ್ಸ್‌ನಲ್ಲಿ ಇಡೀ ಪಾತಿಗೆ 4096 ಬೈಟ್ ಧಾರಾಳವಾಗಿದ್ದರೂ ಒಂದೊಂದು ಹೆಸರಿಗೆ 255 ಬೈಟ್. ಕನ್ನಡಕ್ಕೆ ಮೂರರಿಂದ ಭಾಗಿಸಿದರೆ 85 ಸಂಕೇತ. ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ವಾರ್ಷಿಕ ಮಹಾಸಭೆಯ ನಡಾವಳಿ’ ಎಂಬುದನ್ನು ಎಣಿಸಿ ನೋಡಿ. ಒತ್ತು, ಗುಣಿತ, ಖಾಲಿ ಜಾಗ ಎಲ್ಲ ಸೇರಿ ವಿಂಡೋಸಿಗೆ 54, ಲಿನಕ್ಸಿಗೆ 148 ಬೈಟ್. ಇಕ್ರಿಪ್ಟ್‌ಎಫ್‌ಎಸ್ ಹಾಕಿ ಗೂಢಲಿಪೀಕರಿಸಿದ ಹಳೆಯ ಉಬುಂಟು ಹೋಮ್ ಫೋಲ್ಡರಿನಲ್ಲಿ ಮಿತಿ 143, ಅಲ್ಲಿ ಇಷ್ಟೇ ಸಾಕು ನಿರಾಕರಿಸಲು. ಊರಿನ ಹೆಸರು, ವರ್ಷ, ‘ಅಂತಿಮ ಪರಿಷ್ಕೃತ ಪ್ರತಿ’ ಎಲ್ಲ ಸೇರಿಸಿದರೆ 255 ಕೂಡ ದೂರವಿಲ್ಲ. ಬೈಟ್ ಲೆಕ್ಕದಲ್ಲಿ ಕತ್ತರಿಸುವ ಕೋಡ್ ಬರೆದರೆ ಅಕ್ಷರದ ನಡುವೆ ಕತ್ತರಿ ಬಿದ್ದು ಹೆಸರು ಕೆಡುತ್ತದೆ. ಒಂದೊಂದೇ ಅಕ್ಷರ ಬಿಡುತ್ತ ಬಂದು 200 ಬೈಟಿನೊಳಗೆ ನಿಲ್ಲಿಸುವುದು ಕ್ಷೇಮ.

ವಿಂಡೋಸ್ 10ರ 1607 ಆವೃತ್ತಿಯಿಂದ 260ರ ಮಿತಿ ಸಡಿಲಿಸಬಹುದು. ರಿಜಿಸ್ಟ್ರಿಯಲ್ಲಿ ಲಾಂಗ್‌ಪಾತ್ಸ್‌ಎನೇಬಲ್ಡ್ ಎಂಬುದನ್ನು 1 ಮಾಡಬೇಕು, ಜೊತೆಗೆ ಪ್ರೋಗ್ರಾಮಿನ ಜೊತೆಗಿರುವ ಮ್ಯಾನಿಫೆಸ್ಟ್ ಎಂಬ ವಿವರಪಟ್ಟಿಯಲ್ಲೂ ಅದನ್ನು ಒಪ್ಪಿರಬೇಕು. ಎರಡರಲ್ಲಿ ಒಂದಿದ್ದರೆ ಸಾಲದು. ಸಂಘದ ಕಂಪ್ಯೂಟರಿನಲ್ಲಿ ನೆಟ್ಟಗಿದ್ದದ್ದು ಆಡಿಟ್‌ನವರ ಲ್ಯಾಪ್‌ಟಾಪಿನಲ್ಲಿ ಇನ್ನೂ ಎರಡು ಫೋಲ್ಡರ್ ಒಳಗೆ ಕಾಪಿಯಾದಾಗ ಮಿತಿ ಮೀರುವುದು ಮಾಮೂಲು. ಆದ್ದರಿಂದ ನಿಮ್ಮ ಭಾಗಕ್ಕೆ 150ಕ್ಕಿಂತ ಹೆಚ್ಚು ತೆಗೆದುಕೊಳ್ಳದಿರುವುದು ಲೇಸು.

ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಬಂದರೆ ಕಾರಣ ಬೇರೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಹಳೆಯ ಆನ್ಸಿ ಕೋಡ್‌ಪೇಜ್, ಅಂದರೆ ಯುನಿಕೋಡಿಗೂ ಹಿಂದಿನ ಅಕ್ಷರಪಟ್ಟಿ, ಎಂಬುದೇ ಇಲ್ಲ. ಇಂದಿಗೂ ಅಲ್ಲಲ್ಲಿ ಉಸಿರಾಡುತ್ತಿರುವ ವಿಷುಯಲ್ ಬೇಸಿಕ್ 6ರ ಪ್ರೋಗ್ರಾಮುಗಳು ತಮ್ಮ ಫೈಲ್ ಕೆಲಸಕ್ಕೆ ಆನ್ಸಿ ಕರೆಗಳನ್ನೇ ಬಳಸುತ್ತವೆ. ಕನ್ನಡ ಅಕ್ಷರ ಕಂಡಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ, ಅದು ವಿಂಡೋಸ್ ಹೆಸರಿನಲ್ಲಿ ನಿಷಿದ್ಧ, ಆದ್ದರಿಂದ ಫೈಲು ತೆರೆಯುವ ಪ್ರಶ್ನೆಯೇ ಇಲ್ಲ. ಅವಕ್ಕೆ ಯುನಿಕೋಡ್ ಕರೆಗಳನ್ನು ನೇರ ಬಳಸುವಂತೆ ತಿದ್ದಬೇಕು, ಇಲ್ಲವೇ ಹೊಸದು ಬರೆಸಬೇಕು. ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿಯಲ್ಲಿ ಚೌಕಗಳು ಕಂಡರೆ ಮಾತ್ರ ಗಾಬರಿ ಬೇಡ, ಆ ಕಿಟಕಿಗೆ ಕನ್ನಡ ಬರೆಯಲು ಬರುವುದಿಲ್ಲ ಅಷ್ಟೇ, ಫೈಲು ಸರಿಯಾಗಿರುತ್ತದೆ.

ಲಿನಕ್ಸ್ ಸರ್ವರಿನಲ್ಲೂ ಈ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿದಾಗ ಸರಿಯಿದ್ದ ಜಾವಾ ಪ್ರೋಗ್ರಾಮ್, ಯಂತ್ರ ಶುರುವಾದಾಗ ತಾನಾಗಿ ಏಳುವ ಸರ್ವಿಸ್ ಆಗಿ ಓಡಿದರೆ ಕನ್ನಡ ಪಾತ್ ಕಂಡು ದೋಷ ಎಸೆಯುತ್ತದೆ. ಟರ್ಮಿನಲ್‌ನಲ್ಲಿ ಲ್ಯಾಂಗ್ ಎಂಬ ಪರಿಸರ ಚರದಲ್ಲಿ ಯುಟಿಎಫ್-8 ಇರುತ್ತದೆ, ಸರ್ವಿಸ್‌ಗೆ ಅದು ಸಿಕ್ಕಿರುವುದಿಲ್ಲ, ಜಾವಾ ಬರೀ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರಗಳಷ್ಟೇ, ಎಂದುಕೊಳ್ಳುತ್ತದೆ. ಸರ್ವಿಸ್ ಫೈಲಿನಲ್ಲಿ ಲ್ಯಾಂಗ್‌ಗೆ ಸಿ.ಯುಟಿಎಫ್-8 ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು. ಜಾವಾ 18ರಿಂದ ಫೈಲಿನ ಒಳಗಿನ ಪಠ್ಯಕ್ಕೆ ಯುಟಿಎಫ್-8 ಸಹಜ ಆಯ್ಕೆಯಾದರೂ ಫೈಲಿನ ಹೆಸರಿಗೆ ಈಗಲೂ ಈ ಚರವನ್ನೇ ನೋಡುತ್ತದೆ. ಹೊಸ ಜಾವಾ ಹಾಕಿದೆವಲ್ಲ ಎಂದು ಸುಮ್ಮನಾಗಬೇಡಿ.

ಇಂಗ್ಲಿಷ್ ಹೆಸರೇನು ಕಡಿಮೆ ತೊಂದರೆ ಕೊಡುತ್ತದೆಯೇ? ದೊಡ್ಡಕ್ಷರ, ಸಣ್ಣಕ್ಷರದ ರಗಳೆ ಪೂರ್ತಿ ಅದರದ್ದೇ. ವಿಂಡೋಸ್‌ಗೆ, ಮಾಮೂಲಿ ಮ್ಯಾಕಿಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ. ಕ್ಯಾಮೆರಾ ದೊಡ್ಡಕ್ಷರದ ಜೆಪಿಜಿ ಎಂದು ಉಳಿಸಿದ ಫೋಟೋವನ್ನು ಕೋಡು ಸಣ್ಣಕ್ಷರದಲ್ಲಿ ಹುಡುಕಿದರೆ ಸರ್ವರಿಗೆ ಹೋದ ದಿನವೇ ಚಿತ್ರಗಳೆಲ್ಲ ಮಾಯ. ವಿಂಡೋಸ್ ಕಾನ್, ಪಿಆರ್‌ಎನ್, ಆಕ್ಸ್, ನಲ್, ಕಾಮ್1ರಿಂದ 9, ಎಲ್‌ಪಿಟಿ1ರಿಂದ 9 ಎಂಬ ಹೆಸರುಗಳನ್ನು ತನಗೇ ಕಾದಿರಿಸಿಕೊಂಡಿದೆ. ಕನ್ನಡ ಲಿಪಿಗೆ ಇವೆರಡೂ ತಟ್ಟುವುದಿಲ್ಲ. ಕಾಗುಣಿತವಂತೂ ಕೇಳುವುದೇ ಬೇಡ. ಇಂಗ್ಲಿಷಿನಲ್ಲಿ ತೀರ್ಥಹಳ್ಳಿಗೆ ಐ ಹಾಕುವವರು, ಎರಡು ಇ ಹಾಕುವವರು, ಟಿ ಪಕ್ಕ ಎಚ್ ಸೇರಿಸುವವರು ಒಂದೇ ಕಚೇರಿಯಲ್ಲಿ ಸಿಗುತ್ತಾರೆ. 2014ರ ನವೆಂಬರ್ 1ರಂದು ನಮ್ಮ ಶಿವಮೊಗ್ಗದ ಇಂಗ್ಲಿಷ್ ಹೆಸರೇ ಬದಲಾಯಿತು, ಕನ್ನಡದ ಹೆಸರು ಹಾಗೇ ಇತ್ತು.

ಫೈಲನ್ನು ಎಲ್ಲಿಡಬೇಕು ಎಂಬುದರ ಬಗ್ಗೆ ಚುಟುಕಾಗಿ. ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನೊಳಗೆ ಡೇಟಾ ಬರೆಯಬಾರದು, ಸಾಮಾನ್ಯ ಬಳಕೆದಾರರಿಗೆ ಅಲ್ಲಿ ಹಕ್ಕಿಲ್ಲ. ವಿಂಡೋಸ್‌ನಲ್ಲಿ ಆಪ್‌ಡೇಟಾ ಅಥವಾ ಪ್ರೋಗ್ರಾಮ್‌ಡೇಟಾ, ಮ್ಯಾಕ್‌ನಲ್ಲಿ ಲೈಬ್ರರಿಯೊಳಗಿನ ಅಪ್ಲಿಕೇಷನ್ ಸಪೋರ್ಟ್, ಲಿನಕ್ಸ್‌ನಲ್ಲಿ ಹೋಮ್‌ನೊಳಗಿನ .ಲೋಕಲ್/ಶೇರ್. ಡೆಸ್ಕ್‌ಟಾಪ್ ಫೋಲ್ಡರಿನ ಹೆಸರನ್ನು ಕೋಡಿನಲ್ಲಿ ಬರೆಯಬೇಡಿ, ಲಿನಕ್ಸ್‌ನಲ್ಲಿ ಅದು ಬಳಕೆದಾರ ಆರಿಸಿದ ಭಾಷೆಗೆ ತಕ್ಕಂತೆ ಬದಲಾಗುತ್ತದೆ. ಡೇಟಾಬೇಸಿನಲ್ಲಿ ಡಿ: ಎಂದು ಶುರುವಾಗುವ ಪೂರ್ತಿ ಪಾತ್ ಉಳಿಸಿದರೆ ಹೊಸ ಕಂಪ್ಯೂಟರಿಗೆ ಹೋದ ದಿನ ಎಲ್ಲ ಕೊಂಡಿ ಕಳಚುತ್ತವೆ. ಮೂಲ ಫೋಲ್ಡರನ್ನು ಸೆಟ್ಟಿಂಗ್‌ನಲ್ಲಿ ಒಂದೇ ಕಡೆ ಇಟ್ಟು, ಉಳಿದ ಭಾಗವನ್ನು ಸ್ಲ್ಯಾಷ್ ಹಾಕಿ ಎನ್‌ಎಫ್‌ಸಿಯಲ್ಲಿ ಉಳಿಸಿ. ಆ ಮೂಲವನ್ನು ಮಾತ್ರ ಪೂರ್ತಿ ಬರೆಯಲೇಬೇಕು. ಬರೀ ‘ರಸೀದಿ/2024’ ಎಂದು ಬಿಟ್ಟರೆ ಅದು ಪ್ರೋಗ್ರಾಮ್ ಆ ಕ್ಷಣ ನಿಂತಿರುವ ಜಾಗದಿಂದ ಲೆಕ್ಕವಾಗುತ್ತದೆ. ಟಾಸ್ಕ್ ಶೆಡ್ಯೂಲರಿನಲ್ಲಿ ಶುರುವಿನ ಫೋಲ್ಡರ್ ಖಾಲಿ ಬಿಟ್ಟರೆ ಆ ಜಾಗ ಸಿಸ್ಟಮ್32. ರಾತ್ರಿಯ ಬ್ಯಾಕಪ್ ಎಲ್ಲಿ ಹೋಯಿತು ಎಂದು ಹುಡುಕುವವರು ಅಲ್ಲಿ ಒಮ್ಮೆ ಇಣುಕಲಿ.

ದುಡ್ಡು ಕೊಡುವವರಿಗೆ ಒಂದು ಪರೀಕ್ಷೆ ಹೇಳುತ್ತೇವೆ, ಅರ್ಧ ಗಂಟೆಯ ಕೆಲಸ. ಕೊನೆಯ ಕಂತು ಕೊಡುವ ಮುಂಚೆ ಸಾಫ್ಟ್‌ವೇರಿನಲ್ಲಿ ‘ಗೊರಬಲು ತೋಟದ ರಸೀದಿ ನಿ.’ ಎಂಬ ಹೆಸರಿನಲ್ಲಿ, ಸರ್ವೆ ನಂಬರ್ 45/*/2 ಕೊಟ್ಟು, ಒಂದು ದಾಖಲೆ ಮಾಡಿಸಿ. ಒಕಾರ, ಓಕಾರ, ಈಕಾರ, ಕೊನೆಯ ಚುಕ್ಕಿ, ಸ್ಲ್ಯಾಷ್, ನಕ್ಷತ್ರ ಎಲ್ಲ ಅದರಲ್ಲಿವೆ. ಉಳಿಸಿ, ಪ್ರೋಗ್ರಾಮ್ ಮುಚ್ಚಿ, ಮತ್ತೆ ತೆರೆದು ಹುಡುಕಿ. 45/2 ಎಂದೊಂದು, ಆಮೇಲೆ 45-2 ಎಂದು ಇನ್ನೊಂದು ದಾಖಲೆ ಮಾಡಿ, 45/2 ಉಳಿದಿದೆಯೇ ನೋಡಿ. ಸರ್ವರನ್ನು ಒಮ್ಮೆ ರೀಸ್ಟಾರ್ಟ್ ಮಾಡಿಸಿ ಮತ್ತೆ ತೆರೆಯಿರಿ, ಸರ್ವಿಸ್‌ನ ಭಾಷೆಯ ತೊಂದರೆ ಆಗಲೇ ಹೊರಬೀಳುವುದು. ಫೋಲ್ಡರನ್ನು ಜಿಪ್ ಮಾಡಿಸಿ ಉಬುಂಟು ಇರುವ ಯಂತ್ರದಲ್ಲಿ ಬಿಚ್ಚಿ. ಫೋಲ್ಡರ್ ಬದಲು ಬ್ಯಾಕ್‌ಸ್ಲ್ಯಾಷ್ ಇರುವ ಉದ್ದ ಹೆಸರಿನ ಫೈಲುಗಳು ಉದುರಿದರೆ ಜಿಪ್ ಮಾಡಿದ ಕೋಡ್ ತಪ್ಪು. ಡಾಟ್‌ನೆಟ್ ಫ್ರೇಮ್‌ವರ್ಕ್ 4.6.1ಕ್ಕಿಂತ ಹಳೆಯದರಲ್ಲಿ ಇದು ಸಾಮಾನ್ಯ. ಇಷ್ಟೂ ದಾಟಿದರೆ ಚೆಕ್ ಬರೆಯಿರಿ. ಟೆಂಡರ್ ಕರೆಯುವ ಸಂಸ್ಥೆಗಳು ಈ ಪರೀಕ್ಷೆಯನ್ನು ಷರತ್ತಿನಲ್ಲೇ ಸೇರಿಸಬಹುದು, ಅದಕ್ಕೆ ಹೆಚ್ಚಿನ ಖರ್ಚಿಲ್ಲ.

ಈಗಾಗಲೇ ಎರಡೆರಡು ‘ಸೊರಬ’ ಫೋಲ್ಡರ್ ಸೇರಿಹೋಗಿರುವ ಲಿನಕ್ಸ್ ಸರ್ವರುಗಳಿಗೆ ಕಾನ್ವ್‌ಎಂವಿ ಎಂಬ ಉಚಿತ ಸಾಧನವಿದೆ. ಮೊದಲು ಪೂರ್ತಿ ಬ್ಯಾಕಪ್ ತೆಗೆಯಿರಿ. ನಂತರ ಎರಡೂ ಕಡೆ ಯುಟಿಎಫ್-8 ಎಂದು ಕೊಟ್ಟು ಎನ್‌ಎಫ್‌ಸಿ ಆಯ್ಕೆಯೊಂದಿಗೆ ಓಡಿಸಿದರೆ ಯಾವ ಹೆಸರು ಏನಾಗುತ್ತದೆ ಎಂಬ ಪಟ್ಟಿ ಮಾತ್ರ ಕೊಡುತ್ತದೆ. ನೋಟೆಸ್ಟ್ ಎಂಬ ಆಯ್ಕೆ ಸೇರಿಸುವವರೆಗೆ ಏನನ್ನೂ ಬದಲಿಸುವುದಿಲ್ಲ. ಒಂದೇ ಹೆಸರಾಗಿ ಡಿಕ್ಕಿಯಾಗುವ ಫೋಲ್ಡರುಗಳನ್ನು ಆ ಪಟ್ಟಿಯಿಂದ ಆರಿಸಿ, ಒಳಗಿನ ಫೈಲುಗಳನ್ನು ಕೈಯಾರೆ ಒಗ್ಗೂಡಿಸಿ, ಆಮೇಲೆ ನಿಜವಾದ ಓಟ. ಡೇಟಾಬೇಸಿನಲ್ಲಿರುವ ಪಾತುಗಳನ್ನೂ ಅದೇ ಹೊತ್ತಿಗೆ, ಕೌಂಟರ್ ಮುಚ್ಚಿರುವಾಗಲೇ, ಎನ್‌ಎಫ್‌ಸಿಗೆ ತಿರುಗಿಸಬೇಕು. ಡಿಸ್ಕು ಬದಲಾಗಿ ಡೇಟಾಬೇಸ್ ಹಳೆಯದೇ ಉಳಿದರೆ ಬೆಳಿಗ್ಗೆ ಮೊದಲ ರೈತ ಬಂದಾಗ ನಿನ್ನೆಯವರೆಗೆ ತೆರೆಯುತ್ತಿದ್ದ ಫೈಲುಗಳೂ ತೆರೆಯುವುದಿಲ್ಲ.

ಇತಿ,
ಸಾಫ್ಟ್‌ವೇರ್ ಬರೆಯುವ ಕೆಲವು ಗೆಳೆಯರು,
ಶಿವಮೊಗ್ಗ